ಕ್ಯಾನಿನೊಳಗಿನ ಥಂಡಿ

ಕ್ಯಾನು ಸಿಡಿಯಬಹುದಿತ್ತು. ಬಿರಡೆ ಬಿಗಿಯಾಗಿ ಕೂತರೆ ಒಳಗಿನ ಆವಿ ಹೊರಬರಲು ದಾರಿಯಿಲ್ಲದೆ ದವಾಖಾನೆಯ ಹಂಚನ್ನೆಲ್ಲ ಎತ್ತಿ ಒಗೆಯಬಹುದಿತ್ತು. ಕಿಟಕಿ ಮುಚ್ಚಿದ್ದರೆ ಆ ಆವಿ ಕೋಣೆಯ ಗಾಳಿಯನ್ನು ಹೊರದಬ್ಬಿ, ವಾಸನೆಯೂ ಇಲ್ಲದೆ ಕೆಮ್ಮೂ ಬಾರದೆ, ಕುರ್ಚಿಯಲ್ಲಿ ಕೂತವನು ಕೂತ ಹಾಗೇ ಸಾಯಬಹುದಿತ್ತು. ಅಲ್ಲಿದ್ದದ್ದು ಒಂದೇ ಕುರ್ಚಿ, ಕೂರುತ್ತಿದ್ದವನು ನಾನೇ. ಬೈಲಹೊಂಗಲದ ಬಸ್ಸಿನಲ್ಲಿ ಯಾರದೋ ಜೋಳದ ಚೀಲ ಕ್ಯಾನಿನ ಮೇಲೆ ಬೀಳಬಹುದಿತ್ತು. ಸೈಕಲ್ಲಿನಿಂದ ಜಾರಿ ಹಳ್ಳಕ್ಕೆ ಬಿದ್ದು ಮೀನುಗಳೆಲ್ಲ ಕಲ್ಲಾಗಬಹುದಿತ್ತು. ಹಾಲಿನ ಕ್ಯಾನೆಂದು ತಿಳಿದು ಯಾರಾದರೂ ಲೋಟ ಅದ್ದಬಹುದಿತ್ತು. ಹುಟ್ಟಿದ ಕರುವಿಗೆ ಎರಡು ತಲೆ ಬಂದು, ಊರವರು ನನ್ನನ್ನು ಚಾವಡಿಯ ಕಂಬಕ್ಕೆ ಕಟ್ಟಬಹುದಿತ್ತು.

ಇವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಒಂದೂ ಆಗಲಿಲ್ಲ. ಆದದ್ದು ಆ ನೋಟುಬುಕ್ಕಿನಲ್ಲಿ ಇರಲಿಲ್ಲ.

ಮೊನ್ನೆ ಹುಬ್ಬಳ್ಳಿಯಲ್ಲಿ ಚರ್ಮದ ಡಾಕ್ಟರೊಬ್ಬರ ಬಳಿ ಹೋಗಿದ್ದೆ. ಕತ್ತಿನ ಮೇಲೊಂದು ನರಹುಲಿ ಎದ್ದಿತ್ತು. ನಲವತ್ತೈದು ದಾಟಿದ ಮೇಲೆ ಮೈಮೇಲೆ ಎದ್ದದ್ದೆಲ್ಲ ನನಗೆ ಕ್ಯಾನ್ಸರೇ. ಡಾಕ್ಟರು ನಕ್ಕು, ಥರ್ಮಾಸಿನಂಥದೊಂದರಿಂದ ಬಟ್ಟಲಿಗೆ ಏನನ್ನೋ ಸುರಿದರು. ಬಿಳಿ ಹೊಗೆ ಮೇಲೇಳಲಿಲ್ಲ. ಮೇಜಿನ ಅಂಚು ದಾಟಿ ಕೆಳಗೆ ಇಳಿದು ನನ್ನ ಕಾಲಿನ ಸುತ್ತ ಹರಿಯಿತು. ನಾನು ಎದ್ದು ನಿಂತು ಮೊದಲು ಅವರ ಕೈ ನೋಡಿದೆ. ಗವಸು ಹಾಕಿದ್ದರು.

“ಯಾಕ್ರಿ, ಹೆದರಿಕಿ ಆತೇನು?” ಅಂದರು.

“ಇಲ್ಲರಿ, ಹಳೇ ಪರಿಚಯ ಅದ,” ಅಂದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಈ ನಾಲ್ಕು ಊರುಗಳ ಸುತ್ತಲೇ ನನ್ನ ನೌಕರಿ ಸವೆದಿದೆ. ಆಗಿನ್ನೂ ಅದು ಮೊದಲ ಸುತ್ತು. ನೇಸರಗಿಯಿಂದ ಒಳಗೆ ಸೈಕಲ್ ತುಳಿದು ಹೋಗಬೇಕಾದ ಒಂದು ಊರಿನಲ್ಲಿ ದನದ ದವಾಖಾನೆ. ಊರಿನ ಹೆಸರು ಹೇಳುವುದಿಲ್ಲ, ಯಾರಾದರೂ ನೊಂದುಕೊಂಡಾರೆಂಬ ಅಂಜಿಕೆ ಈಗಲೂ ಇದೆ. ಸರಕಾರದ ಕಾಗದದಲ್ಲಿ ನಾನು ಸ್ಟಾಕ್‌ಮನ್, ಅಂದರೆ ದನದ ಡಾಕ್ಟರ ಕೈಕೆಳಗಿನವ; ಊರವರ ಬಾಯಲ್ಲಿ ಡಾಕ್ಟರು. ನಿಜವಾದ ಡಾಕ್ಟರು ಬೈಲಹೊಂಗಲದಲ್ಲಿದ್ದರು. ಆ ವರ್ಷ ನಮ್ಮಲ್ಲಿಗೆ ಹೆಪ್ಪುಗಟ್ಟಿಸಿದ ಹೋರಿಯ ವೀರ್ಯ ಬಂತು. ಬಣ್ಣದ ಸಣ್ಣ ಕಡ್ಡಿಗಳಲ್ಲಿ ತುಂಬಿ, ಆ ಕಡ್ಡಿಗಳನ್ನು ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿ ಇಡುವುದು. ನೀರು ಗಟ್ಟಿಯಾಗುವ ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ಥಂಡಿ ಅದು. ಪುಷ್ಯದಲ್ಲಿ ಕಂಬಳಿ ಹೊದ್ದು ‘ಏನ್ ಥಂಡಿಪಾ’ ಎಂದು ನಡುಗುವ ನಮಗೆ ಅದನ್ನು ಅಳೆಯಲು ಮನಸ್ಸಿನಲ್ಲಿ ಕೋಲೇ ಇರಲಿಲ್ಲ.

ಧಾರವಾಡದಲ್ಲಿ ಹತ್ತು ದಿನ ತರಬೇತಿಯಾಯಿತು. ಕಲಿಸುವವರು ಒಂದು ಚೆಂಡುಹೂವನ್ನು ಅದರಲ್ಲಿ ಅದ್ದಿ ತೆಗೆದು ಮೇಜಿಗೆ ಕುಟ್ಟಿದರು. ಹೂವು ಗಾಜಿನ ಹಾಗೆ ಪುಡಿಯಾಯಿತು. “ನಿಮ್ಮ ಬೆರಳೂ ಹೂವಿನ ಹಂಗ ನೀರಿನ ಸಾಮಾನರೀ,” ಅಂದರು. “ಥಂಡಿ ಹಿಡಿದ್ರ ಮೊದಲು ಉರೀತದ, ಆಮ್ಯಾಲೆ ಏನೂ ಗೊತ್ತಾಗೂದಿಲ್ಲ. ಗೊತ್ತಾಗೂದಿಲ್ಲ ಅಂದ್ರ ಆರಾಮ ಆತು ಅಂತಲ್ಲ, ಸಾಯಾಕ ಹತ್ತೇದ ಅಂತ. ತಿಕ್ಕಬ್ಯಾಡ್ರಿ. ಬೆಂಕಿಗೆ ಹಿಡೀಬ್ಯಾಡ್ರಿ. ಕೂಸಿಗೆ ಎರಿಯೋವಷ್ಟು ಬೆಚ್ಚಗಿನ ನೀರಾಗ ಕೈ ಇಡ್ರಿ, ಬಣ್ಣ ತಿರುಗೂತನಕ ಇಡ್ರಿ. ಗುಳ್ಳಿ ಎದ್ರ ಒಡೀಬ್ಯಾಡ್ರಿ. ಒಣಾ ಅರಿವಿ ಸುತ್ತಿ ದವಾಖಾನಿಗೆ ಹೋಗ್ರಿ.”

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಊರಿಗೆ ಬಂದು, ಅದಕ್ಕೆ ನನ್ನ ಸ್ವಂತ ಹೆದರಿಕೆಗಳನ್ನೂ ಸೇರಿಸಿ, ಇಪ್ಪತ್ತೆರಡು ಸೂಚನೆಗಳ ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಿದೆ. ಕೈಗವಸಿಲ್ಲದೆ ಮುಟ್ಟಬಾರದು ಎಂಬುದು ಒಂದನೆಯದು, ಕೆಂಪು ಶಾಯಿಯಲ್ಲಿ. ಬೆಚ್ಚಗಿನ ನೀರಿನದು ಹದಿನಾಲ್ಕನೆಯದೋ ಹದಿನೈದನೆಯದೋ. ಅದಕ್ಕಿಂತ ಮುಂಚೆ ಬಸ್ಸು, ಹಳ್ಳ, ಹಾಲಿನ ಕ್ಯಾನು ಎಲ್ಲ ಬಂದುಹೋಗುತ್ತಿದ್ದವು.

ಆ ಹಾಳೆಯನ್ನು ಪೂರ್ತಿ ಓದಿದವನು ಊರಿನಲ್ಲಿ ಒಬ್ಬನೇ, ನಮ್ಮ ಅಟೆಂಡರ್ ಭೀಮಶಿ. ಅವನ ಅಪ್ಪ ಬೌದ್ಧನಾದವನು; ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಕ್ಕಳ ಪಾಟಿಚೀಲ. ಏಳನೆಯ ಇಯತ್ತೆ ಓದಿದ್ದ. ನನಗಿಂತ ಹತ್ತು ವರ್ಷ ದೊಡ್ಡವ. ಅವನು ನನ್ನನ್ನು ‘ಸಾಹೇಬ್ರ’ ಅನ್ನುತ್ತಿದ್ದ, ನಾನು ಅವನನ್ನು ‘ಲೇ ಭೀಮಶಿ’ ಅನ್ನುತ್ತಿದ್ದೆ. ಆಗ ಅದು ನನಗೆ ವಿಚಿತ್ರ ಎನಿಸಿರಲಿಲ್ಲ. ಈಗ ಬರೆಯುವಾಗ ಎನಿಸುತ್ತಿದೆ.

ಹಾಳೆ ಓದಿ ಮುಗಿಸಿ ಅವನು ಅಂದ: “ಸಾಹೇಬ್ರ, ಇಷ್ಟೆಲ್ಲಾ ಆಗೂದಿದ್ರ ಇದನ್ನ ಊರಾಗ ಯಾಕ ತಂದ್ರಿ?”

ಅವನ ಬೆರಳುಗಳ ಬಗ್ಗೆ ಹೇಳಬೇಕು. ಕರು ಅಡ್ಡವಾಗಿ ಆಕಳು ಈಯಲಾರದೆ ಒದ್ದಾಡುವಾಗ, ಭೀಮಶಿ ಬಲಗೈಯನ್ನು ಮೊಣಕೈ ದಾಟಿ ಒಳಗೆ ಹಾಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. “ಮುಂಗಾಲ ಮಡಚೇತ್ರಿ. ಮಾರಿ ಎಡಕ್ಕ ಹೊಳ್ಳೇತಿ,” ಎಂದು ಕಿಟಕಿಯಿಂದ ಇಣುಕಿ ನೋಡಿದವನ ಹಾಗೆ ಹೇಳುತ್ತಿದ್ದ. ನಾನು ಕೈ ಹಾಕಿದರೆ ನನಗೆ ಒಳಗೆಲ್ಲ ಒಂದೇ ಬಿಸಿ ಕೆಸರು. ನೇಸರಗಿ, ದೇಗಾಂವ, ಚಚಡಿ ಕಡೆಯಿಂದಲೂ ಜನ ಬರುತ್ತಿದ್ದರು. ಬಾಕಿ ದಿನ ಅವನನ್ನು ಹೊಸ್ತಿಲು ಹತ್ತಗೊಡದವರು ಅವತ್ತು ಅವನ ಮನೆಯ ಮುಂದೆ ನಿಂತು ‘ಭೀಮಪ್ಪಾ’ ಎಂದು ಕರೆಯುತ್ತಿದ್ದರು. ಅವನು ನೌಕರಿಯಲ್ಲಿ ದಿನಗೂಲಿಯವ. ಸರಕಾರ ಎಂದಾದರೂ ಕಾಯಂ ಮಾಡೀತು, ಮಾಡಲಿಕ್ಕಿಲ್ಲ. ಆದರೆ ಊರಿನಲ್ಲಿ ಅವನು ತಲೆಯೆತ್ತಿ ನಡೆಯುತ್ತಿದ್ದದ್ದು ಆ ಐದು ಬೆರಳುಗಳ ಮೇಲೆ.

ಕ್ಯಾನು ಬಂದ ಮರುದಿನವೇ ಗಂಗವ್ವ ನೋಡಲು ಬಂದಳು. ಗಂಡ ತೀರಿದ ಮೇಲೆ ತಾನೇ ನಿಂತು ಹೊಲ ಮಾಡಿಸುವ ಹೆಂಗಸು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು.

“ಏನ್ರಿ ಡಾಕ್ಟರ್ರ, ಇಷ್ಟ ಸಣ್ಣ ಡಬ್ಬ್ಯಾಗ ಹೋರಿ ಹೆಂಗ ಕುಂತೈತ್ರಿ? ಕಾಲ ಮಡಚ್ಕೊಂಡೈತೇನು?”

ನಾನು ವಿಜ್ಞಾನ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಭೀಮಶಿ, “ಹೋರಿ ವಿಲಾಯತ್ಯಾಗ ಐತ್ರಿ ಅವ್ವಾರ. ಇಲ್ಲಿಗಿ ಅದರ ಕಾಗದ ಅಷ್ಟ ಬಂದೈತಿ,” ಅಂದ.

“ಹಂಗಾರ ನಮ್ಮ ಕೆಂಪಿಗಿ ಒಂದ ಕಾಗದ ಹಾಕ್ರಿ,” ಅಂದಳು ಗಂಗವ್ವ. “ಅದು ಬೆದಿಗೆ ಬಂದ ದಿನಾ ಹೊಡ್ಕೊಂಡ ಬರ್ತೇನಿ.”

ಕ್ಯಾನಿನ ಜೊತೆ ಒಂದು ಜೊತೆ ಚರ್ಮದ ಕೈಗವಸುಗಳೂ ಬಂದಿದ್ದವು. ಒಂದೇ ಜೊತೆ. ಒಂದು ದಿನ ಭೀಮಶಿ ದವಾಖಾನೆಯ ಬೇಲಿಗೆ ಜಾಲಿಮುಳ್ಳು ಹಾಕುವಾಗ ಅವನ್ನು ತೊಟ್ಟಿದ್ದು ಕಂಡೆ. ಮುಳ್ಳು ಚುಚ್ಚಿ ತೂತಾದರೆ? ಇಲಿ ಕಡಿದರೆ? ಮೇಲಿನವರು ಬಂದು ‘ಎಲ್ಲಿ ತೋರಿಸ್ರಿ’ ಅಂದರೆ? ಅವನಿಗೆ ಬೈದು, ಕೈಗವಸುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಕಳೆದೀತೆಂದು ಉಡದಾರಕ್ಕೆ ಕಟ್ಟಿಕೊಂಡೆ. ಬೇಕಾದಾಗ ತೆಗೆದುಕೊಡುತ್ತಿದ್ದೆ, ಕೆಲಸ ಮುಗಿದ ಕೂಡಲೇ ಒಳಗಿಡುತ್ತಿದ್ದೆ. ಎಂಥ ಜವಾಬ್ದಾರಿಯ ಮನುಷ್ಯ ನಾನು ಎಂದು ನನ್ನ ಬಗ್ಗೆ ನನಗೇ ಸಮಾಧಾನವಿತ್ತು.

ಪುಷ್ಯ ಮಾಸದ ಒಂದು ಮುಂಜಾನೆ ನಾನು ತಿಂಗಳ ಮೀಟಿಂಗಿಗೆಂದು ಬೈಲಹೊಂಗಲಕ್ಕೆ ಹೋದೆ. ಹೊಲದಲ್ಲಿ ಜೋಳ ತೆನೆಗಟ್ಟಿತ್ತು, ಎರೆಮಣ್ಣು ಬಿರಿದಿತ್ತು, ಮೂಡಗಾಳಿ ಕಿವಿ ಕೊರೆಯುತ್ತಿತ್ತು. ಹೋಗುವಾಗ ಎಂದಿನಂತೆ ಭೀಮಶಿಗೆ ಮೂರು ಸಲ ಹೇಳಿದೆ: “ಕ್ಯಾನಿನ ಮ್ಯಾಲ ಕಣ್ಣಿರ್ಲಿ. ಹೊರಗ ಮಂಜ ಹಿಡಿದ್ರ ಒಳಗ ಆವಿ ಹಾರಾಕ ಹತ್ತೇತಿ ಅಂತ ತಿಳಿ. ಕಡ್ಡಿ ಹಾಳಾದ್ರ ನಂದೂ ನಿಂದೂ ಇಬ್ಬರದೂ ನೌಕರಿ ಮುಗೀತು.”

ಮುಂದಿನದನ್ನು ಭೀಮಶಿ ನನಗೆ ಅದೇ ದಿನ, ನೇಸರಗಿಯಿಂದ ದೊಡ್ಡ ದವಾಖಾನೆಗೆ ಹೋಗುವ ಬಸ್ಸಿನಲ್ಲಿ ಹೇಳಿದ. ಹತ್ತು ಗಂಟೆಗೆ ಅವನು ಕಸ ಹೊಡೆಯಲು ಬಂದಾಗ ದೊಡ್ಡ ಕ್ಯಾನಿನ ಹೊರಮೈ ಬೆಳ್ಳಗೆ ಮಂಜು ಹಿಡಿದು ನಿಂತಿತ್ತು. ಬಾಯಿಂದ ಹೊಗೆ ಸುರಿಯುತ್ತಿತ್ತು. ನಾನು ಹೇಳಿದ್ದೇ ಆಗುತ್ತಿತ್ತು. ಪಕ್ಕದಲ್ಲಿ ಹಳ್ಳಿ ತಿರುಗಾಟದ ಸಣ್ಣ ಕ್ಯಾನಿತ್ತು, ಹಿಂದಿನ ದಿನ ನಾನೇ ತುಂಬಿಸಿದ್ದು. ಕಡ್ಡಿಗಳನ್ನು ಅದಕ್ಕೆ ಸಾಗಿಸಬೇಕು. ದೊಡ್ಡ ಕ್ಯಾನಿನೊಳಗೆ ಆರು ಲೋಹದ ಕೊಳವೆ; ಒಂದೊಂದನ್ನೂ ಮೇಲೆತ್ತಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಚಿಮಟದಿಂದ ಒಳಗಿನ ಕಡ್ಡಿಗಳ ಬಟ್ಟಲನ್ನು ಎತ್ತಿ ಸಣ್ಣ ಕ್ಯಾನಿಗೆ ಇಳಿಸಬೇಕು. ಕೈಗವಸು ಬೀರುವಿನಲ್ಲಿತ್ತು. ಬೀಗದ ಕೈ ಬೈಲಹೊಂಗಲದಲ್ಲಿತ್ತು, ನನ್ನ ಸೊಂಟದಲ್ಲಿ.

ಭೀಮಶಿ ಪ್ರತಿವರ್ಷ ಕಬ್ಬಿನ ಕಾಲಕ್ಕೆ ಬೆಳಗಿನ ಜಾವ ಬೆಲ್ಲದ ಗಾಣಕ್ಕೆ ಹೋಗುತ್ತಿದ್ದ. ಅಲ್ಲಿ ಕುದಿಯುವ ಕಡಾಯಿಯ ಹಿಡಿಕೆಯನ್ನು ಹಿಡಿಯುವ ಮೊದಲು ಗೋಣಿಯ ತುಂಡನ್ನು ನೀರಿನಲ್ಲಿ ಅದ್ದಿ ಕೈಗೆ ಸುತ್ತಿಕೊಳ್ಳುತ್ತಾರೆ. ಒಣಗೋಣಿ ಹತ್ತಿಕೊಂಡು ಉರಿದೀತು, ಹಸಿಗೋಣಿ ಕೈ ಕಾಯುತ್ತದೆ. ಸುಡುವ ವಸ್ತುವಿಗೆ ಅವನ ಕೈ ಕಲಿತ ಪಾಠ ಅದೊಂದೇ. ಅವನು ಗೋಣಿಯ ತುಂಡನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಅದ್ದಿ, ಬಲಗೈಗೆ ಸುತ್ತಿಕೊಂಡ.

“ಮೊದಲನೇದು ಎತ್ತಿದ ಕೂಡ್ಲೇ ಗೋಣಿ ಕಟಕ್ ಅಂತ ಕಬ್ಬಿಣ ಆತ್ರಿ,” ಅಂದ. “ಕೈಯೊಳಗ ಸಾವಿರ ಚೇಳ ಕಡದಂಗ ಆತು. ಬಿಡಾಕ ಹ್ವಾದೆ, ಬಿಡವಲ್ದು. ನಾ ಹಿಡ್ಕೊಂಡಿದ್ದಿಲ್ರಿ, ಅದ ನನ್ನ ಹಿಡ್ಕೊಂಡಿತ್ತು. ಮೂರನೇದಕ್ಕ ಬರೂದ್ರಾಗ ನೋವ ಹೋತು. ಪಾಡ ಆತು, ಥಂಡಿ ರೂಢಿ ಆತು ಅಂದ್ಕೊಂಡೆ. ಆರೂ ಇಳಿಸಿದೆ.”

ಗೋಣಿ ಬಿಡಿಸಿಕೊಂಡಾಗ ಬೆರಳುಗಳು ಮೇಣದಬತ್ತಿಯ ಹಾಗೆ ಬೆಳ್ಳಗಿದ್ದವಂತೆ. ಬಾಗಿಲಿಗೆ ತಟ್ಟಿದರೆ ಕಟ್ಟಿಗೆಯ ಸಪ್ಪಳ. ಎದುರಿಗಿದ್ದ ಚಹಾದ ಹೋಟೆಲಿನ ಬಸಣ್ಣ ಮೊದಲು ನಕ್ಕ, ಆಮೇಲೆ ಗಾಬರಿಯಾಗಿ ಅವನನ್ನು ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದ. ಥಂಡಿಗೆ ಕಾವು ಕೊಡುವುದನ್ನು ಬಿಟ್ಟು ಬೇರೆ ಏನು ಮಾಡಬೇಕೆಂದು ಬಸಣ್ಣನಿಗೆ ಯಾರು ಹೇಳಿದ್ದರು? ಗೋಡೆಯ ಮೇಲಿನ ಹಾಳೆ ಹೇಳುತ್ತಿತ್ತು, ಹದಿನಾಲ್ಕರಲ್ಲೋ ಹದಿನೈದರಲ್ಲೋ. ಸತ್ತ ಬೆರಳಿಗೆ ಬೆಂಕಿ ಎಷ್ಟು ಹತ್ತಿರ ಎಂಬುದು ತಿಳಿಯಲಿಲ್ಲ. ಕೂದಲು ಸುಟ್ಟ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರವಾದದ್ದು. ಆಮೇಲೆ ಬಸಣ್ಣ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ.

ನಾನು ಮಧ್ಯಾಹ್ನದ ಬಸ್ಸಿಗೆ ನೇಸರಗಿಗೆ ಬಂದು, ಸೈಕಲ್ ತುಳಿದು ಊರು ಸೇರಿದೆ. ದವಾಖಾನೆಯ ಮುಂದೆ ಜನ. “ಡಾಕ್ಟರ್ರ, ನಮ್ಮ ಭೀಮಶಿ ನಿಮ್ಮ ಹೋರಿ ಉಳಿಸ್ಯಾನ್ರಿ,” ಎಂದು ಬಸಣ್ಣ ಕೂಗಿದ. ಭೀಮಶಿ ಕಟ್ಟೆಯ ಮೇಲೆ ಕೈಯನ್ನು ಅರಿವೆಯಲ್ಲಿ ಮುಚ್ಚಿಕೊಂಡು ಕೂತಿದ್ದ. ನಾನು ಅವನನ್ನು ದಾಟಿ ಒಳಗೆ ಹೋದೆ. ಸಣ್ಣ ಕ್ಯಾನಿನ ಬಿರಡೆ ತೆಗೆದೆ. ಕಟ್ಟಿಗೆಯ ಪಟ್ಟಿ ಇಳಿಸಿ ಸಾರಜನಕ ಎಷ್ಟಿದೆ ಎಂದು ಅಳೆದೆ. ಕಡ್ಡಿಗಳು ಮುಳುಗಿದ್ದವು. ಉಸಿರು ಬಿಟ್ಟೆ. ಅದಾದ ಮೇಲೆ ಹೊರಗೆ ಬಂದು ಅವನ ಕೈ ನೋಡಿದೆ.

ಬೈಲಹೊಂಗಲದ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಕೈಯನ್ನು ಹೊರಳಿಸಿ ನೋಡಿ, “ಇದು ಸುಟ್ಟದ್ದೋ, ಥಂಡಿಗೆ ಸತ್ತದ್ದೋ?” ಎಂದು ಕೇಳಿದರು.

“ಎರಡೂರೀ,” ಅಂದೆ.

ಅವರು ಕೂಡಲೇ ಕತ್ತರಿಸಲಿಲ್ಲ. ಸತ್ತದ್ದೆಷ್ಟು, ಬದುಕಿದ್ದೆಷ್ಟು ಎಂಬ ಗೆರೆಯನ್ನು ಕೈ ತಾನೇ ಎಳೆಯಬೇಕು, ಅಲ್ಲಿಯವರೆಗೆ ಕಾಯಬೇಕು ಅಂದರು. ಕಾದೆವು. ಜೋಳ ಕೊಯ್ದು ಕಣ ಸೇರುವವರೆಗೆ ಕಾದೆವು. ತೋರುಬೆರಳು, ನಡುಬೆರಳುಗಳ ತುದಿ ಕಪ್ಪಾಗಿ, ಒಣಗಿ, ಒಲೆಯಲ್ಲಿ ಉಳಿದ ಕೊಳ್ಳಿಯ ಹಾಗಾದವು. ಒಂದು ದಿನ ಡಾಕ್ಟರು ಗೆರೆಯ ಮೇಲೆ ಕತ್ತರಿಸಿದರು. ಬಾಕಿ ಬೆರಳುಗಳ ತೊಗಲು ಸುಲಿದು ಹೊಸ ತೊಗಲು ಬಂತು, ನಯವಾಗಿ, ಗುಲಾಬಿ ಬಣ್ಣದಲ್ಲಿ.

ವಿಚಾರಣೆಗೆ ನಮ್ಮ ಮೇಲಿನ ಡಾಕ್ಟರು ಬಂದರು. “ಕೈಗವಸು ಇರ್ಲಿಲ್ಲೇನೋ?” ಎಂದು ಭೀಮಶಿಯನ್ನು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಉಡದಾರದ ಬೀಗದ ಕೈ ಹೊಟ್ಟೆಗೆ ಒತ್ತುತ್ತಿತ್ತು.

“ಇದ್ವ್ರಿ,” ಅಂದ ಭೀಮಶಿ. “ಅವಸರದಾಗ ನಾನ ಹಾಕ್ಕೊಳ್ಳಿಲ್ರಿ.”

ಅವರು ಹಾಗೆಯೇ ಬರೆದುಕೊಂಡರು. ನಾನು ಬಾಯಿ ತೆರೆಯಲಿಲ್ಲ. ಸಂಜೆ ಅವನ ಮನೆಗೆ ಹೋಗಿ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ನಿಮ್ಮ ನೌಕರಿ ಹ್ವಾದ್ರ ನನ್ನ ಬೆರಳ ಬರ್ತಾವೇನ್ರಿ?” ಅಂದ. “ಹೊಸಾ ಸಾಹೇಬ್ರ ಬರ್ತಾರ. ಅವ್ರಿಗೆ ಮತ್ತ ಮೊದಲಿಂದ ಎಲ್ಲಾ ನಾನ ಕಲಿಸ್ಬೇಕು.” ನಗುತ್ತಲೇ ಹೇಳಿದ.

ಮರುದಿನ ಗೋಡೆಯ ಹಾಳೆ ಕಿತ್ತೆ. ಮೂರೇ ಸಾಲು ಬರೆದೆ. ಕೈಗವಸು ತೊಡು. ಹಸಿ ಅರಿವೆ ಬೇಡ. ಬೆಂಕಿ ಬೇಡ, ಬೆಚ್ಚಗಿನ ನೀರು. ಕೈಗವಸುಗಳನ್ನು ಕ್ಯಾನಿನ ಪಕ್ಕ ಮೊಳೆಗೆ ತೂಗುಹಾಕಿದೆ. ಮಳೆಗಾಲದಲ್ಲಿ ಇಲಿ ಒಂದರ ಹೆಬ್ಬೆರಳನ್ನು ಕಡಿಯಿತು. ಯಾರೂ ಬಂದು ಕೇಳಲಿಲ್ಲ.

ಅದೇ ಮಳೆಗಾಲದಲ್ಲಿ ಒಂದು ದಿನ ಬಸಣ್ಣನ ಹೋಟೆಲಿನಲ್ಲಿ ಭೀಮಶಿ ಕುದಿಯುವ ಚಹಾದ ಗಾಜಿನ ಲೋಟವನ್ನು ಬಲಗೈಯ ಉಳಿದ ಬೆರಳುಗಳಲ್ಲಿ ಹಿಡಿದು ಮಾತಾಡುತ್ತ ಕೂತಿದ್ದ. “ನೋಡ್ರಿ ಡಾಕ್ಟರ್ರ, ಕಬ್ಬಿಣದ ಕೈ!” ಎಂದು ಬಸಣ್ಣ ಹೊಗಳಿದ. ಎಲ್ಲರೂ ನಕ್ಕರು. ಭೀಮಶಿಯೂ ನಕ್ಕ. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುವ ನಾನು, ಆ ಲೋಟವನ್ನು ನೋಡಿ ಏನನ್ನೂ ಯೋಚಿಸಲಿಲ್ಲ.

ದೀಪಾವಳಿ ಮುಗಿದ ವಾರ ಗಂಗವ್ವನ ಕೆಂಪಿ ಈಯಲು ಕೂತಿತು. ಭೀಮಶಿ ಉಳಿಸಿದ ಕಡ್ಡಿಗಳಲ್ಲೊಂದನ್ನೇ ಅದಕ್ಕೆ ಹಾಕಿದ್ದೆ. ಕ್ಯಾನಿನ ಹೋರಿಯ ಮೊದಲ ಕರು. ಬೆಳಿಗ್ಗೆಯಿಂದ ತಿಣುಕುತ್ತಿತ್ತು. ಜವಾರಿ ಆಕಳು, ಸಣ್ಣ ಮೈ. ವಿಲಾಯತಿ ಹೋರಿಯ ಕರು ದೊಡ್ಡದು. ನಾವು ಹೋಗುವಷ್ಟರಲ್ಲಿ ಅರ್ಧ ಊರು ದನ ಕಟ್ಟುವ ಗ್ವಾದಲಿಯ ಸುತ್ತ ನಿಂತಿತ್ತು. “ಭೀಮಪ್ಪಾ, ನೀ ಬಂದಿ, ನನ್ನ ಜೀವಕ್ಕ ಜೀವ ಬಂತು,” ಅಂದಳು ಗಂಗವ್ವ.

ಭೀಮಶಿ ಸಾಬೂನು ಹಚ್ಚಿ ಎರಡೂ ತೋಳು ತೊಳೆದ. ಬಲಗೈಯನ್ನೇ ಒಳಗೆ ಹಾಕಿದ. ಕಣ್ಣು ಮುಚ್ಚಿದ. ತೋಳನ್ನು ಅತ್ತ ಇತ್ತ ಹೊರಳಿಸಿ ಬಹಳ ಹೊತ್ತು ತಡಕಾಡಿದ.

“ತಲಿ ಸಿಕ್ತ್ರಿ,” ಅಂದ ಕಡೆಗೆ. “ಒಂದ ಕಾಲ ಹಿಂದಕ್ಕ ಸಿಕ್ಕೇತಿ.”

ಇಂಥ ಹೊತ್ತಿನಲ್ಲಿ ಮೊದಲು ತಿಳಿಯಬೇಕಾದದ್ದು ಕರು ಬದುಕಿದೆಯೋ ಇಲ್ಲವೋ ಎಂದು. ಅದಕ್ಕೊಂದೇ ಪರೀಕ್ಷೆ. ಒಳಗಿರುವಾಗಲೇ ಅದರ ಬಾಯಿಗೆ ಬೆರಳು ಇಡುವುದು. ಜೀವವಿದ್ದರೆ ಚೀಪುತ್ತದೆ, ಮೆಲ್ಲಗೆ, ಇದೆಯೋ ಇಲ್ಲವೋ ಎಂಬಷ್ಟು. ಜೀವವಿದ್ದರೆ ಕರುವನ್ನು ಹಿಂದಕ್ಕೆ ತಳ್ಳಿ, ಕಾಲು ಸರಿಮಾಡಿ, ಆಕಳು ತಿಣುಕಿದಾಗಷ್ಟೇ ಎಳೆಯಬೇಕು, ತಾಸುಗಟ್ಟಲೆ ಹಿಡಿಯುತ್ತದೆ. ಸತ್ತಿದ್ದರೆ ಕಾಯುವಂತಿಲ್ಲ, ಹಗ್ಗ ಕಟ್ಟಿ ಜಗ್ಗಿ ಆಕಳನ್ನಾದರೂ ಉಳಿಸಬೇಕು.

ಭೀಮಶಿ ಹೊಸ ತೊಗಲಿನ ಬೆರಳೊಂದನ್ನಿಟ್ಟು ಕಾದ. ಅವನ ಹಣೆಯಿಂದ ಬೆವರಿಳಿಯಿತು. ಒಮ್ಮೆ ಕಣ್ಣು ತೆರೆದು ನನ್ನ ಕಡೆ ನೋಡಿದ, ಮತ್ತೆ ಮುಚ್ಚಿದ.

“ನಾ ಒಮ್ಮೆ ನೋಡ್ಲಿ?” ಎಂಬ ಮಾತು ನನ್ನ ತುಟಿಯ ತನಕ ಬಂದಿತ್ತು. ಅರ್ಧ ಊರು ನೋಡುತ್ತಿತ್ತು. ಹಾಗೆ ಕೇಳಿದರೆ ಆ ಕೈ ಮುಗಿಯಿತು ಎಂದು ಊರಿನ ಮುಂದೆ ಡಂಗುರ ಹೊಡೆದ ಹಾಗೆ. ಕೇಳಲಿಲ್ಲ.

“ಇಲ್ಲರಿ,” ಅಂದ. “ಚೀಪವಲ್ದು. ಹೋಗೇತಿ.”

ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನನ್ನ ಆಕಳಾನರೆ ಉಳಿಸ್ರೆಪಾ,” ಅಂದಳು.

ಕುತ್ತಿಗೆಗೂ ಕೈಗೆ ಸಿಕ್ಕ ಇನ್ನೊಂದು ಕಾಲಿಗೂ ಹಗ್ಗ ಬಿಗಿದೆವು. ಮೂವರು ಗಟ್ಟಿ ಆಳುಗಳು ಕಾಲು ಊರಿ ಜಗ್ಗಿದರು. ಸತ್ತದ್ದಕ್ಕೆ ನೋವಾದೀತೆಂಬ ಎಣಿಕೆ ಯಾರಿಗೂ ಇರಲಿಲ್ಲ. ಒಳಗೆಲ್ಲೋ ಲಟಕ್ಕೆಂದಿತು. ಕರು ಹುಲ್ಲಿನ ಮೇಲೆ ಬಿತ್ತು. ಹೆಣ್ಣುಗರು, ಗೋದಿಬಣ್ಣದ್ದು, ಹಣೆಯ ಮೇಲೆ ಬಿಳಿಯ ಬೊಟ್ಟು. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತ್ತು.

ಅದರ ಬಾಯಿ ತೆರೆಯಿತು. ನಾಲಗೆ ಹೊರಬಂದು, ಮಡಚಿಕೊಂಡು, ಏನನ್ನೋ ಹುಡುಕಿ ಒಳಗೆ ಹೋಯಿತು. ಮತ್ತೊಮ್ಮೆ ಹೊರಬಂತು.

ಭೀಮಶಿ ಮೊಣಕಾಲೂರಿ ಕೂತ. ಬಲಗೈಯನ್ನು ಹಿಂದಕ್ಕೆ ಸರಿಸಿಕೊಂಡು, ಎಡಗೈಯ ಬೆರಳನ್ನು ಕರುವಿನ ಬಾಯಿಗೆ ಇಟ್ಟ.

“ಚೀಪಾಕ ಹತ್ತೇತ್ರಿ ಸಾಹೇಬ್ರ,” ಅಂದ, ನನಗಷ್ಟೇ ಕೇಳುವ ಹಾಗೆ.

ಚೀಪುವುದು ನಿಲ್ಲುವವರೆಗೂ ಅವನು ಬೆರಳು ತೆಗೆಯಲಿಲ್ಲ.